ಮರಳು ಹೊತ್ತ ಬಸವನಹುಳು

ನೀರಿನಲ್ಲಿ ಮರಿಯಾಗಿ ಬೆಳೆದು ಮುಂದೆ ರೆಕ್ಕೆ ಬಲಿಯುವ ಕ್ಯಾಡಿಸ್ ಕೀಟಗಳ ಹೆಸರುಗಳನ್ನು ಬೆನ್ನಟ್ಟಿ ಹೊರಟ ನಾನು ಬಂದು ನಿಂತದ್ದು ಕೀಟಗಳ ಪುಸ್ತಕದಲ್ಲಲ್ಲ, ಚಿಪ್ಪುಜೀವಿಗಳ ಪುಸ್ತಕದಲ್ಲಿ. ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯ 1834ರ ಸಂಪುಟ. ಬರೆದವನು ಐಸಾಕ್ ಲೀ. ಕಸುಬಿನಿಂದ ಪುಸ್ತಕ ಪ್ರಕಾಶಕ, ಆದರೆ ಸಿಹಿನೀರಿನ ಚಿಪ್ಪುಗಳ ವಿಷಯದಲ್ಲಿ ಅಂದಿನ ಅಮೆರಿಕದ ದೊಡ್ಡ ಪಂಡಿತ. ಟೆನ್ನೆಸ್ಸೀ ರಾಜ್ಯದ ಕಂಬರ್ಲೆಂಡ್ ನದಿಯಿಂದ ಬಂದ ಪುಟಾಣಿ ಬಸವನಹುಳುವೊಂದನ್ನು ಹೊಸ ಪ್ರಭೇದವೆಂದು ಅವನು ಅಲ್ಲಿ ವರ್ಣಿಸಿದ್ದಾನೆ. ಇಟ್ಟ ಹೆಸರು ವಾಲ್ವಾಟ ಅರೆನಿಫೆರ. ಅರೆನಿಫೆರ ಎಂದರೆ ಮರಳು ಹೊತ್ತದ್ದು. ಈ ಹುಳು ಮರಳಿನ ಕಣಗಳನ್ನು ಅಂಟಿಸಿಕೊಂಡು ತನ್ನ ಚಿಪ್ಪನ್ನು ಗಟ್ಟಿ ಮಾಡಿಕೊಳ್ಳುತ್ತದೆ ಎಂಬುದು ಅವನ ತಿಳಿವಳಿಕೆ.

ಅದು ಬಸವನಹುಳುವೇ ಆಗಿರಲಿಲ್ಲ. ಹೊಳೆಯ ಕಲ್ಲುಗಳ ಮೇಲಿನ ಪಾಚಿ ಕೆರೆದು ತಿನ್ನುವ ಕ್ಯಾಡಿಸ್ ಮರಿಹುಳು ತನಗಾಗಿ ಕಟ್ಟಿಕೊಂಡ ಗೂಡು ಅದು.

ಆ ಪುಟವನ್ನು ನಾನು ಹಲವು ಸಲ ಓದಿದೆ. ಲೀಯನ್ನು ದಡ್ಡ ಎನ್ನಲು ಮನಸ್ಸು ಒಪ್ಪಲಿಲ್ಲ. ಸಮುದ್ರದಲ್ಲಿ ಕ್ಸೆನೋಫೊರ ಎಂಬ ಶಂಖಜೀವಿಗಳಿವೆ. ಸತ್ತ ಚಿಪ್ಪು, ಹರಳುಕಲ್ಲುಗಳನ್ನು ಅವು ನಿಜವಾಗಿಯೂ ಬೆನ್ನಿಗೆ ಅಂಟಿಸಿಕೊಳ್ಳುತ್ತವೆ. ನದಿಯಲ್ಲೂ ಅಂಥದ್ದೊಂದು ಇರಬಾರದೇಕೆ? ಈ ಗೂಡಾದರೋ ಬೆರಳ ತುದಿಯ ಮೇಲೆ ಕೂರುವಷ್ಟು ಚಿಕ್ಕದು, ಬಸವನಹುಳುವಿನ ಚಿಪ್ಪಿನಂತೆಯೇ ಸುತ್ತು ಸುತ್ತಾಗಿ ಬೆಳೆದದ್ದು. ಮರಳನ್ನು ಅವನು ಕಂಡ, ಅದು ಅಂಟಿಕೊಂಡಿರುವುದನ್ನೂ ಕಂಡ. ಕಣ್ಣು ಸರಿಯಾಗಿಯೇ ನೋಡಿತ್ತು. ಮರಳಿನ ಕೆಳಗೆ ಸುಣ್ಣದ ಚಿಪ್ಪು ಇದ್ದೇ ಇರುತ್ತದೆ ಎಂದುಕೊಂಡದ್ದು ಮಾತ್ರ ತಪ್ಪಾಯಿತು. ಅಲ್ಲಿ ಇದ್ದದ್ದು ರೇಷ್ಮೆ.

ಹೌದು, ರೇಷ್ಮೆಯೇ. ಕ್ಯಾಡಿಸ್‌ಗಳೂ ಚಿಟ್ಟೆ-ಪತಂಗಗಳೂ ಒಂದೇ ಮೂಲದಿಂದ ಕವಲೊಡೆದ ಸೋದರ ಗಣಗಳು. ನಮ್ಮ ರಾಮನಗರದ ಮಾರುಕಟ್ಟೆಗೆ ಬರುವ ಗೂಡನ್ನು ಸುತ್ತುವ ಹುಳುವಿನಂತೆ ಕ್ಯಾಡಿಸ್ ಮರಿಯೂ ಬಾಯಿಯ ಬಳಿಯಿಂದ ಎಳೆ ತೆಗೆಯುತ್ತದೆ. ವ್ಯತ್ಯಾಸವೆಂದರೆ ಇದರ ಎಳೆ ಹರಿಯುವ ನೀರಿನೊಳಗೇ ಕಲ್ಲಿಗೆ ಕಲ್ಲನ್ನು ಅಂಟಿಸಬಲ್ಲದು.

ಮುಂದಿನ ಸುಳಿವು 1856ರದು. ಸುರುಳಿ ಗೂಡು ಕಟ್ಟುವ ಈ ಕೀಟಗಳಿಗೆ ಜರ್ಮನ್ ಪ್ರಾಣಿಶಾಸ್ತ್ರಜ್ಞ ಫಾನ್ ಸೀಬೋಲ್ಡ್ ಹೆಲಿಕೊಸೈಕಿ ಎಂಬ ಕುಲನಾಮ ಕೊಟ್ಟ. ಹೆಲಿಕೊ ಎಂದರೆ ಸುರುಳಿ. ಸೈಕಿ ಎಂಬುದು ಕಸಕಡ್ಡಿಯ ಚೀಲ ಹೊತ್ತು ತಿರುಗುವ ಪತಂಗಗಳ ಒಂದು ಕುಲ. ಬಸವನಹುಳುವಿನ ಪಟ್ಟಿಯಿಂದ ಬಿಡುಗಡೆಯಾದ ಮೇಲೂ ಕ್ಯಾಡಿಸ್‌ನ ಹೆಸರಿನೊಳಗೆ ಪತಂಗವೊಂದು ಉಳಿದೇಬಿಟ್ಟಿತು. ಬಳಿಕ 1861ರಲ್ಲಿ ಹರ್ಮನ್ ಹಾಗೆನ್ ಉತ್ತರ ಅಮೆರಿಕದ ಕೀಟಗಳ ಬಗ್ಗೆ ಬರೆದ ಪುಸ್ತಕದಲ್ಲಿ ರೆಕ್ಕೆ ಬಲಿತ ಒಂದು ಕ್ಯಾಡಿಸ್‌ಗೆ ಬೊರಿಯಾಲಿಸ್, ಅಂದರೆ ಬಡಗಣದ್ದು, ಎಂಬ ಹೆಸರು ಬಂತು. ಇಂದು ಹೆಲಿಕೊಸೈಕಿ ಬೊರಿಯಾಲಿಸ್ ಎನ್ನುವುದು ಅದನ್ನೇ. ಗೂಡನ್ನು ನೋಡಿದವನು ಒಬ್ಬ, ರೆಕ್ಕೆಯನ್ನು ನೋಡಿದವನು ಇನ್ನೊಬ್ಬ.

ಬ್ರೆಜಿಲ್‌ನ ಸಾಂಟಾ ಕ್ಯಾಟರೀನಾದಲ್ಲಿ ನೆಲೆಸಿದ್ದ ಫ್ರಿಟ್ಜ್ ಮ್ಯೂಲರ್, ಡಾರ್ವಿನ್‌ನೊಂದಿಗೆ ಪತ್ರವ್ಯವಹಾರವಿದ್ದವನು, 1880ರಲ್ಲಿ ಅಲ್ಲಿನ ಕ್ಯಾಡಿಸ್ ಮರಿಗಳು ಕಟ್ಟುವ ಮನೆಗಳ ಬಗ್ಗೆಯೇ ದೀರ್ಘ ಪ್ರಬಂಧ ಬರೆದ. ಗೂಡು ಎಂಬುದು ಎಷ್ಟು ಹೇಳುತ್ತದೆ ಎಂಬುದಕ್ಕೆ ಅದಕ್ಕಿಂತ ಪ್ರೀತಿಯ ಸಾಕ್ಷಿ ನನಗೆ ಸಿಕ್ಕಿಲ್ಲ. ಆದರೂ ಪ್ರಭೇದದ ಹೆಸರು ಹೇಳಲು ಬಹಳಷ್ಟು ಸಲ ಗೂಡೊಂದೇ ಸಾಲದು. ಜಗತ್ತಿನಲ್ಲಿ 16,000ಕ್ಕೂ ಹೆಚ್ಚು ಕ್ಯಾಡಿಸ್ ಪ್ರಭೇದಗಳಿಗೆ ಹೆಸರಿಡಲಾಗಿದೆ. ಅವುಗಳಲ್ಲಿ ಹೆಚ್ಚಿನವನ್ನು ಗುರುತಿಸಿದ್ದು ಗಂಡಿನ ಜನನಾಂಗದ ರಚನೆಯಿಂದ. ರಾತ್ರಿ ಹೊಳೆಯ ದಂಡೆಯಲ್ಲಿ ದೀಪವಿಟ್ಟು ಹಿಡಿದ ಕೀಟದ ಹೊಟ್ಟೆಯ ತುದಿಯನ್ನು ಕ್ಷಾರದಲ್ಲಿ ನೆನೆಸಿ, ಮಾಂಸ ಕರಗಿದ ಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದೊಂದು ಕೊಂಡಿ, ಒಂದೊಂದು ಮುಳ್ಳನ್ನೂ ಚಿತ್ರ ಬರೆಯಬೇಕು. ನೀರಿನಲ್ಲಿರುವ ಮರಿಗೆ ಈ ಯಾವುದೂ ಇರುವುದಿಲ್ಲ. ಹಾಗಾಗಿ ಇಂದಿಗೂ ಎಷ್ಟೋ ಪ್ರಭೇದಗಳ ಪ್ರೌಢಕೀಟ ಗೊತ್ತು, ಮರಿ ಗೊತ್ತಿಲ್ಲ.

ಮರಿಗೂ ಪ್ರೌಢಕೀಟಕ್ಕೂ ನಂಟು ಹಚ್ಚಲು ಈಗ ಡಿಎನ್‌ಎ ಇದೆ. ಅದಕ್ಕೂ ಮುಂಚಿನ ಉಪಾಯವೇ ನನಗೆ ಹೆಚ್ಚು ಇಷ್ಟ. ಕೋಶಾವಸ್ಥೆಗೆ ಹೋಗುವ ಮುನ್ನ ಮರಿ ತನ್ನ ಗೂಡನ್ನು ಕಲ್ಲಿಗೆ ಬಿಗಿದು, ಬಾಯಿಗೆ ರೇಷ್ಮೆಯ ಮುಚ್ಚಳ ನೇಯುತ್ತದೆ. ಹೊರಗೆ ಬರುವ ಹೊತ್ತು ಹತ್ತಿರವಾದಾಗ ಅಂಥ ಗೂಡೊಂದನ್ನು ಚಿಮಟದಿಂದ ಬಿಡಿಸಿ ನೋಡಬೇಕು. ಬಹಳಷ್ಟು ಕ್ಯಾಡಿಸ್‌ಗಳಲ್ಲಿ ಮರಿ ಕಳಚಿದ ಪೊರೆ, ತಲೆಯ ಗಡಸು ಚೂರುಗಳು, ಕಾಲುಗಳು, ಎಲ್ಲವೂ ಮೂಲೆಯಲ್ಲಿ ಮುದುಡಿ ಬಿದ್ದಿರುತ್ತವೆ. ಪಕ್ಕದಲ್ಲೇ ಕೋಶ. ಆ ಕೋಶದ ತೆಳು ಚರ್ಮದೊಳಗೆ ನಾಳೆಯ ರೆಕ್ಕೆಯ ಕೀಟ, ಅದರ ಜನನಾಂಗ ಸಮೇತ, ಆಗಲೇ ಬಲಿತು ಕಾಣುತ್ತಿರುತ್ತದೆ. ಗೂಡು, ಮರಿ, ಕೋಶ, ಪ್ರೌಢಕೀಟ ನಾಲ್ಕೂ ಒಂದೇ ಜೀವದವು. ಅವನ್ನು ಬೇರ್ಪಡಿಸದೆ ಒಂದೇ ಸೀಸೆಯ ಆಲ್ಕೊಹಾಲಿಗೆ ಇಳಿಸಿ, ಚೀಟಿಯ ಮೇಲೆ ಪೆನ್ಸಿಲಿನಿಂದ ಹೊಳೆಯ ಹೆಸರು, ಊರು, ತಾರೀಖು ಬರೆದು ಒಳಗೆ ಹಾಕುತ್ತಾರೆ. ಪ್ರಭೇದದ ಹೆಸರಿಗೆಂದು ಒಂದು ಸಾಲು ಖಾಲಿ ಬಿಟ್ಟಿರುತ್ತಾರೆ.