ಲಾರೆನ್ಸ್ ಸಾವು ಮತ್ತು ಹೆಲ್ಮೆಟ್‌ನ ಕಥೆ

1935ರ ಮೇ 13. ಇಂಗ್ಲೆಂಡಿನ ಡಾರ್ಸೆಟ್ ಕೌಂಟಿಯ ಬೋವಿಂಗ್ಟನ್ ಸೇನಾ ಶಿಬಿರದ ಅಂಚೆ ಕಚೇರಿಯಲ್ಲಿ ಗೆಳೆಯನೊಬ್ಬನಿಗೆ ತಂತಿ ಕೊಟ್ಟು ಟಿ.ಇ. ಲಾರೆನ್ಸ್ ಮೋಟಾರ್ ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದ. ಏರಿಳಿತದ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದ ಇಬ್ಬರು ಹುಡುಗರು ತಟ್ಟನೆ ಕಣ್ಣಿಗೆ ಬಿದ್ದರು. ಅವರನ್ನು ತಪ್ಪಿಸಲು ಹೋಗಿ ಲಾರೆನ್ಸ್ ಗಾಡಿಯಿಂದ ಎಸೆಯಲ್ಪಟ್ಟ. ತಲೆಗೆ ಬಲವಾದ ಪೆಟ್ಟು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಪ್ರಜ್ಞೆ ಮರಳಲೇ ಇಲ್ಲ. ಮೇ 19ರಂದು ಪ್ರಾಣ ಹೋಯಿತು. ಆಗ ಅವನ ವಯಸ್ಸು 46.

ಮೊದಲ ಮಹಾಯುದ್ಧದಲ್ಲಿ ತುರ್ಕರ ವಿರುದ್ಧ ಅರಬರ ಜೊತೆ ಹೋರಾಡಿ ‘ಅರೇಬಿಯಾದ ಲಾರೆನ್ಸ್’ ಎನಿಸಿಕೊಂಡವನು ಇವನೇ. 1962ರ ಪ್ರಸಿದ್ಧ ಚಲನಚಿತ್ರ ಶುರುವಾಗುವುದೂ ಈ ಅಪಘಾತದಿಂದಲೇ. ವೇಗದ ಹುಚ್ಚಿದ್ದ ಲಾರೆನ್ಸ್ ಬ್ರೋ ಸುಪೀರಿಯರ್ ಕಂಪನಿಯ ಏಳು ಮೋಟಾರ್ ಸೈಕಲ್ಲುಗಳನ್ನು ಒಂದಾದ ಮೇಲೊಂದರಂತೆ ಓಡಿಸಿದ್ದ.

ಅವನನ್ನು ನೋಡಲು ಬಂದ ವೈದ್ಯರಲ್ಲಿ ಆಸ್ಟ್ರೇಲಿಯಾ ಮೂಲದ ಮಿದುಳು ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ರೋಗಿ ಉಳಿಯಲಿಲ್ಲ. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದ ಕೇರ್ನ್ಸ್, ಮೋಟಾರ್ ಸೈಕಲ್ ಸವಾರರ ತಲೆಯ ಗಾಯಗಳ ಬೆನ್ನು ಹತ್ತಿದರು. ಎರಡನೇ ಮಹಾಯುದ್ಧ ಶುರುವಾಗಿ, ಬಾಂಬ್ ಭಯದಿಂದ ಬ್ರಿಟನ್ನಿನ ರಸ್ತೆಗಳೆಲ್ಲ ರಾತ್ರಿ ಕತ್ತಲಾಗಿದ್ದ ಕಾಲ ಅದು. ಸೇನೆಯ ಸಂದೇಶ ಒಯ್ಯುವ ಸವಾರರು ಶತ್ರುವಿನ ಗುಂಡು ಬೀಳುವ ಮೊದಲೇ ತಮ್ಮದೇ ರಸ್ತೆಯಲ್ಲಿ ಸಾಯುತ್ತಿದ್ದರು.

1941ರ ಅಕ್ಟೋಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಕೇರ್ನ್ಸ್ ಲೇಖನ ಬಂತು. ಯುದ್ಧದ ಮೊದಲ 21 ತಿಂಗಳಲ್ಲಿ ಸತ್ತ ಮೋಟಾರ್ ಸೈಕಲ್ ಸವಾರರು ಮತ್ತು ಹಿಂಬದಿ ಸವಾರರು 2,279 ಮಂದಿ. ಹೆಲ್ಮೆಟ್ ಹಾಕಿಕೊಂಡು ಅಪಘಾತಕ್ಕೀಡಾದವರು ಅವರಿಗೆ ಸಿಕ್ಕಿದ್ದು ಬರೀ ಏಳು. ಏಳೂ ಜನ ಬದುಕಿದ್ದರು. ಏಳು ದೊಡ್ಡ ಸಂಖ್ಯೆಯಲ್ಲ ನಿಜ. ಆದರೆ ಸೇನೆ ಕಾಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಕರ್ತವ್ಯದ ಮೇಲಿನ ಸೇನಾ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಹಾಗೆಂದು ಹೆಲ್ಮೆಟ್ ಹೊಸ ವಸ್ತುವೇನಲ್ಲ. ಐಲ್ ಆಫ್ ಮ್ಯಾನ್ ದ್ವೀಪದ ಟಿ.ಟಿ. ಓಟದ ಸವಾರರಿಗೆ 1914ರಲ್ಲೇ ಅದು ಕಡ್ಡಾಯವಾಗಿತ್ತು. ಸಾಮಾನ್ಯರ ತಲೆಗೆ ಯಾರೂ ಯೋಚಿಸಿರಲಿಲ್ಲ, ಅಷ್ಟೆ.

ಆಕ್ಸ್‌ಫರ್ಡ್‌ನ ಭೌತವಿಜ್ಞಾನಿ ಹೋಲ್‌ಬೋರ್ನ್ ಪೆಟ್ಟಿನ ಲೆಕ್ಕಾಚಾರದಲ್ಲಿ ಕೇರ್ನ್ಸ್ ಜೊತೆಗೂಡಿದರು. ತಲೆಬುರುಡೆ ಒಡೆಯುವುದಷ್ಟೇ ಅಪಾಯವಲ್ಲ. ಡಬ್ಬಿಯಲ್ಲಿಟ್ಟ ಗಟ್ಟಿ ಮೊಸರು ಡಬ್ಬಿ ಜಾಡಿಸಿದರೆ ಹೇಗೆ ಒಡೆಯುತ್ತದೋ ಹಾಗೆ, ಬುರುಡೆ ಸರಿಯಿದ್ದರೂ ಒಳಗಿನ ಮಿದುಳು ಘಾಸಿಗೊಳ್ಳುತ್ತದೆ. ಇಂದಿನ ಹೆಲ್ಮೆಟ್ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ; ಒಳಗಿನ ಥರ್ಮೋಕೋಲ್ ಪದರ ತಾನು ಕುಸಿದು ಆಘಾತವನ್ನು ನುಂಗುತ್ತದೆ. ಕುಸಿದದ್ದು ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರು ಕೂಡ ಕಾಣದಿದ್ದರೂ ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬದಲಿಸಬೇಕು ಎನ್ನುವುದು ಇದಕ್ಕೇ. ಕೊಳ್ಳುವಾಗ ತಲೆ ಅಲ್ಲಾಡಿಸಿ ನೋಡಬೇಕು. ತಲೆ ತಿರುಗಿದಂತೆ ಹೆಲ್ಮೆಟ್ ತಿರುಗಬೇಕು, ಅದೊಂದೇ ಗಿರಗಿರ ಸುತ್ತಬಾರದು. ಗದ್ದದ ಪಟ್ಟಿ ಬಿಗಿಯದಿದ್ದರೆ ಬೀಳುವಾಗ ಅದು ಸವಾರನಿಗಿಂತ ಮೊದಲೇ ಹಾರಿಹೋಗುತ್ತದೆ. ಒಳಪದರವೇ ಇಲ್ಲದ ಟೋಪಿಯಂಥ ಅಗ್ಗದ ಹೆಲ್ಮೆಟ್ಟುಗಳು ರಕ್ಷಿಸುವುದು ಪೊಲೀಸರ ದಂಡದಿಂದ ಮಾತ್ರ.

ಬ್ರಿಟನ್ನಿನಲ್ಲಿ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 1973ರ ಜೂನ್ 1ರಂದು. ಲೇಖನ ಬಂದು ಆಗಲೇ 32 ವರ್ಷ ಆಗುತ್ತ ಬಂದಿತ್ತು. ಕೇರ್ನ್ಸ್ 1952ರಲ್ಲೇ ತೀರಿಕೊಂಡಿದ್ದರು. ಪೇಟ ಧರಿಸುವ ಸಿಖ್ಖರಿಗೆ 1976ರಲ್ಲಿ ಅಲ್ಲಿನ ಸಂಸತ್ತು ವಿನಾಯಿತಿ ಕೊಟ್ಟಿತು.

ಭಾರತದ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ ವಿಷಯ ಹೇಳುತ್ತದೆ. ಸಿಖ್ಖರ ವಿನಾಯಿತಿ ಅಲ್ಲೂ ಇದೆ. 2021ರ ಜೂನ್‌ನಿಂದ ದ್ವಿಚಕ್ರ ಸವಾರರಿಗೆ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ. ಕೇರ್ನ್ಸ್ 1941ರಲ್ಲಿ ಎಣಿಸಿದ ಸತ್ತವರ ಪಟ್ಟಿಯಲ್ಲಿ ಹಿಂಬದಿ ಸವಾರರೂ ಇದ್ದರು.