ಹುತ್ರಿದುರ್ಗದ ಒಂದು ಹಳೆಯ ಚಿತ್ರಪಟ

ತುಮಕೂರಿನ ಶಿರಾ ಗೇಟು ಯಾವ ದಾರಿಯಿಂದ ಹೆಸರು ಪಡೆಯಿತೋ ಆ ದಾರಿಯ ಕೊನೆಯಲ್ಲಿರುವ ಶಿರೆಯು 1791ರಲ್ಲಿ ಮರಾಠರ ವಶವಾಯಿತು. ಅದೇ ವರ್ಷದ ಡಿಸೆಂಬರ್ 21ರಂದು ಸಾವನದುರ್ಗವೂ, 24ರಂದು ಕುಣಿಗಲ್ ಸೀಮೆಯ ಹುತ್ರಿದುರ್ಗವೂ ಆಂಗ್ಲರ ಕೈಸೇರಿದವು. ಸುಮಾರು 3,700 ಅಡಿ ಎತ್ತರದ ಈ ಎರಡನೆಯ ಬೆಟ್ಟದ ನೈರುತ್ಯ ದಿಕ್ಕಿನ ನೋಟವೊಂದು, 1793ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೈಸೂರು ರಾಜ್ಯದ ಹನ್ನೆರಡು ದೃಶ್ಯಗಳ ಸಂಪುಟದಲ್ಲಿದೆ. ಬರೆದವನು ರಾಬರ್ಟ್ ಹೈಡ್ ಕೋಲ್‌ಬ್ರೂಕ್.

ಈತನು ವೃತ್ತಿಯಿಂದ ಚಿತ್ರಕಾರನಲ್ಲ, ದಂಡಿನೊಡನೆ ಬಂದ ಭೂಮಾಪಕನು. 1794ರಿಂದ 1808ರಲ್ಲಿ ಮೃತನಾಗುವವರೆಗೂ ಬಂಗಾಳದ ಸರ್ವೆಯರ್ ಜನರಲ್ ಪದವಿಯಲ್ಲಿದ್ದನು. ಆದುದರಿಂದಲೇ ಇವನ ಸಾಕ್ಷ್ಯಕ್ಕೆ ಬೆಲೆಯುಂಟು. ಅದೇ ಸೀಮೆಯನ್ನು ಅದೇ ಯುದ್ಧಕಾಲದಲ್ಲಿ ಚಿತ್ರಿಸಿದ ರಾಬರ್ಟ್ ಹೋಮನು ರೋಮಿನಲ್ಲಿ ಅಭ್ಯಾಸಮಾಡಿದ ಕಲಾವಿದನು. ಅವನ ಸಂಪುಟವು 1794ರಲ್ಲಿ ಹೊರಬಂದಿತು.

ಹಾಗಾದರೆ ಈ ಪಟವನ್ನು ಕೋಟೆಯ ಚರಿತ್ರೆಗೆ ಆಧಾರವಾಗಿ ಹಿಡಿಯಬಹುದೇ? ಇಲ್ಲಿ ಎಚ್ಚರವು ಅವಶ್ಯ. ಸ್ಥಳದಲ್ಲಿ ಬರೆದ ರೇಖೆಯು ವಾಚಕರ ಕೈಗೆ ಬರುವ ಮೊದಲು ಲಂಡನ್ನಿನಲ್ಲಿ ತಾಮ್ರದ ತಗಡಿಗೆ ಇಳಿದಿದೆ. ತಗಡನ್ನು ಕೊರೆದವನು ಬೇರೊಬ್ಬನು. ಮೇಲಾಗಿ, ವಿಲಿಯಂ ಗಿಲ್ಪಿನ್ ಮೊದಲಾದವರು ಆ ಕಾಲದಲ್ಲಿ ಪ್ರಕೃತಿದೃಶ್ಯಕ್ಕೆ ಒಂದು ಲಕ್ಷಣವನ್ನೇ ಕಟ್ಟಿದ್ದರು: ಮುಂದುಗಡೆ ನೆರಳು, ಪಕ್ಕದಲ್ಲಿ ಮರ, ನಡುವೆ ಒಬ್ಬಿಬ್ಬರು ಮನುಷ್ಯರು, ಹಿಂದೆ ಮಸುಕಾದ ಗಿರಿ. ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಕವಿಯು ಸಮುದ್ರವನ್ನು ವರ್ಣಿಸಿದ ಮಾತ್ರಕ್ಕೆ ಅವನ ಊರು ಕಡಲತೀರದ್ದೆಂದು ನಾವು ಸಾಧಿಸುವುದಿಲ್ಲವಷ್ಟೆ! ಹಾಗೆಯೇ ಇಂಥ ಪಟಗಳ ಮುನ್ನೆಲೆಯನ್ನು ಸಂಪ್ರದಾಯವೆಂದು ಓದಿ, ಬೆಟ್ಟದ ಹೊರಗೆರೆಯನ್ನೂ ಕೋಟೆಗೋಡೆಗಳ ಸಾಲನ್ನೂ ಭೂಮಾಪಕನ ಮಾತೆಂದು ಎಣಿಸುವುದೇ ನ್ಯಾಯವೆಂದು ತೋರುತ್ತದೆ.

ಇನ್ನು ಹೆಸರಿನ ವಿಚಾರ. ಪಟದ ಕೆಳಗೆ ಇರುವುದು ‘ಊತ್ರ ದುರ್ಗಂ’. ಆಂಗ್ಲರ ಯುದ್ಧಲೇಖನಗಳಲ್ಲಿ ಸಾಮಾನ್ಯವಾದುದು ‘ಡ್ರೂಗ್’ ಎಂಬ ವಿಕಾರರೂಪ. ಕೋಲ್‌ಬ್ರೂಕನ ‘ದುರ್ಗಂ’ ಮದರಾಸಿನ ದಂಡಿನ ತಮಿಳು ಅಥವಾ ತೆಲುಗು ನಾಲಗೆಯಿಂದ ಬಂದಿರಬೇಕೆಂದು ನನ್ನ ಊಹೆ. ಮೊದಲಕ್ಷರದಲ್ಲಿ ಹಕಾರವಿಲ್ಲದಿರುವುದೂ ಗಮನಾರ್ಹ. ‘ಉತ್ರಿದುರ್ಗ’ವೆಂಬ ಉಚ್ಚಾರಣೆಯೇ ಆಗ ಅವನ ಕಿವಿಗೆ ಬಿದ್ದಿರಬಹುದು, ಅಥವಾ ಹಕಾರವು ಕೇಳಿದವನಲ್ಲಿಯೇ ಲೋಪವಾಗಿರಬಹುದು. ಇದೊಂದರಿಂದಲೇ ಸ್ಥಳನಾಮದ ಮೂಲವನ್ನು ನಿರ್ಣಯಿಸಲಾಗದು.

ಕುಣಿಗಲಿನಿಂದ ಮಾಗಡಿಯ ಕಡೆಗೆ ಹೋಗುವವರು ಪಟದ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು, ಬೆಟ್ಟದ ನೈರುತ್ಯದಲ್ಲಿ ಅವನು ನಿಂತ ಸ್ಥಳವನ್ನು ಗುರುತಿಸಿದರೆ, ಯಾವ ಗೋಡೆ ಉಳಿದಿದೆ, ಯಾವುದು ಬಿದ್ದಿದೆ ಎಂಬುದನ್ನು ಒಂದು ಹಗಲಿನಲ್ಲಿ ತಾಳೆನೋಡಬಹುದು.