ಹುಲ್ಲುಹಾಸಿನಿಂದ ಮಡ್ಡಿಯ ಹೂವಿಗೆ

ಭೂತನಾಳದ ಕೆರೆಯು ವಿಜಯಪುರಕ್ಕೆ ಕುಡಿಯುವ ನೀರನ್ನು ಒದಗಿಸಿದ ಕೆರೆ. ಅಂತಹ ನೀರನ್ನು ಮನೆಯಂಗಳದ ಹುಲ್ಲುಹಾಸಿಗೆ ಉಣಿಸುವ ಬದಲು ಅಲ್ಲಿ ಕಾಡುಹೂಗಳನ್ನು ಬೆಳೆಯಗೊಡಬಾರದೇಕೆ? ಹುಲ್ಲುಹಾಸು ಈ ನೆಲದ ಪರಂಪರೆಯೇ ಎಂಬುದನ್ನು ನಾವು ಮೊದಲು ವಿಚಾರಿಸಬೇಕು.

ಆದಿಲಶಾಹಿಗಳು ನೀರಿಗಾಗಿ ಪಟ್ಟ ಶ್ರಮಕ್ಕೆ 1620ರ ತಾಜ ಬಾವಡಿ, 1651ರ ಬೇಗಂ ತಲಾಬಗಳೇ ಸಾಕ್ಷಿ. ಅವರ ಉದ್ಯಾನಗಳಲ್ಲಿ ಪರಿಮಳಕ್ಕೆ ಮನ್ನಣೆಯಿದ್ದಿತು. ಇಮ್ಮಡಿ ಇಬ್ರಾಹೀಮನಿಗಾಗಿ ಸುಗಂಧದ್ರವ್ಯಗಳನ್ನು ಕುರಿತು ‘ಇತ್ರ್-ಎ-ನೌರಸ್ ಶಾಹಿ’ ಎಂಬ ಗ್ರಂಥವೇ ರಚಿತವಾಯಿತು. ಇಂಗ್ಲೆಂಡಿನಲ್ಲಿ ಬಡ್ಡಿಂಗನು ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದುದು 1830ರಲ್ಲಿ. ಜಿಲ್ಲಾ ಕೇಂದ್ರವು ಕಲಾದಗಿಯಿಂದ ಇಲ್ಲಿಗೆ ಬಂದುದು 1885ರಲ್ಲಿ. ಸಾಹೇಬರ ಬಂಗಲೆಗಳೊಡನೆ ಈ ರೂಢಿಯೂ ಬಂದಿರಬೇಕೆಂದು ನಮ್ಮ ಊಹೆ. ಗೋಳಗುಮ್ಮಟದ ಮುಂದಣ ಹಸುರು ಹಾಸನ್ನು ಸುಲ್ತಾನನ ಕಾಲದ್ದೆಂದೇ ಬಗೆಯುವ ವಿದ್ಯಾರ್ಥಿಗಳೂ ಉಂಟು!

ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಂತೆ ನೀರೂಡಿದರೂ 100 ಚದರ ಮೀಟರಿನ ಹುಲ್ಲುಹಾಸಿಗೆ 500 ಲೀಟರು ಬೇಕು. ಊರ ಹೊರಗಿನ ಮಡ್ಡಿಯ ತೆಳುಮಣ್ಣಿನಲ್ಲಿಯಾದರೋ ತುಂಬೆ, ವಿಷ್ಣುಕ್ರಾಂತಿ, ನೆಗ್ಗಿಲುಗಳು ಬರಿಯ ಮಳೆಯಿಂದಲೇ ಅರಳುತ್ತವೆ. ಅಂಗಳದಲ್ಲಿ ಇವನ್ನು ಬೆಳೆಸುವವರು ಕರಿಕೆಯನ್ನು ಬೇರುಸಹಿತ ಕಿತ್ತು, ಮುಂಗಾರಿಗೆ ಮೊದಲು ಬೀಜ ಚೆಲ್ಲಿ, ಹೊಸ ಬೀಜ ಉದುರಿದ ಮೇಲೆಯೇ ಕೊಯ್ಯಬೇಕು. ಗೊಬ್ಬರ ಸಲ್ಲದು, ಕೊಬ್ಬಿದ ನೆಲದಲ್ಲಿ ಹುಲ್ಲೇ ಮೇಲಾಗಿ ಹೂವನ್ನು ಅಡಗಿಸುವುದು.

ಯುರೋಪಿನ ಹುಲ್ಲುಗಾವಲಿನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಇಲ್ಲಿ ನಿರಾಶೆಯಾದೀತು. ಮಾಘದಿಂದ ಮಳೆ ಬೀಳುವವರೆಗೆ ಅಂಗಳವು ಒಣಗಿ ಬರಿದಾಗಿರುವುದು. ನೆಗ್ಗಿಲ ಮುಳ್ಳು ಮಕ್ಕಳ ಕಾಲಿಗೆ ನೆಡುವುದರಿಂದ ಅದನ್ನು ಮಾತ್ರ ಬೇಲಿಯಾಚೆಗೆ ಬಿಡುವುದು ಲೇಸು.